ಬೆಲೆ ಅಂಕಿಗೋ, ಗೆಲುವಿಗೋ?

ಎನ್‌ಬಿಎ ನೋಡೋ ನಾಲ್ಕು ಜನ ಸೇರಿದ್ರೆ ಒಂದು ಜಗಳ ಗ್ಯಾರಂಟಿ: ಈ ಸಲ ಎಂವಿಪಿ ಯಾರು? ಎಲ್ಲರಿಗಿಂತ ಚೆನ್ನಾಗಿ ಆಡಿದವನೋ, ತಂಡವನ್ನ ಹೆಚ್ಚು ಗೆಲ್ಲಿಸಿದವನೋ?

2016-17ರ ಸೀಸನ್ ನೆನಪಿಸಿಕೊಳ್ಳಿ. ಕೆವಿನ್ ಡ್ಯುರಾಂಟ್ ಬಿಟ್ಟುಹೋದ ಮೇಲೆ ಒಕ್ಲಹೋಮಾ ಸಿಟಿ ತಂಡವನ್ನ ಹೆಗಲ ಮೇಲೆ ಹೊತ್ತವನು ರಸೆಲ್ ವೆಸ್ಟ್‌ಬ್ರೂಕ್. ಪಂದ್ಯಕ್ಕೆ ಸರಾಸರಿ 31.6 ಪಾಯಿಂಟ್, 10.7 ರೀಬೌಂಡ್, 10.4 ಅಸಿಸ್ಟ್. ಒಟ್ಟು 42 ಟ್ರಿಪಲ್ ಡಬಲ್! 1961-62ರಲ್ಲಿ ಆಸ್ಕರ್ ರಾಬರ್ಟ್‌ಸನ್ ಮಾಡಿದ್ದ 41ರ ದಾಖಲೆ ಮುರಿದೇಹೋಯ್ತು. ಆದ್ರೆ ತಂಡ ಗೆದ್ದಿದ್ದು 47 ಪಂದ್ಯ. ಜೇಮ್ಸ್ ಹಾರ್ಡನ್‌ನ ಹ್ಯೂಸ್ಟನ್ ಗೆದ್ದಿದ್ದು 55.

'ಗೆಲುವಿಗೆ ಬೆಲೆ ಇಲ್ವಾ?' ಅಂತ ಹಾರ್ಡನ್ ಕಡೆಯವರು. 'ಅವನಿಲ್ಲದಿದ್ರೆ ಆ 47 ಎಲ್ಲಿಂದ ಬರ್ತಿತ್ತು?' ಅಂತ ಇವರು. ಪ್ರಶಸ್ತಿ ವೆಸ್ಟ್‌ಬ್ರೂಕ್‌ಗೆ ಹೋಯ್ತು. ಪ್ಲೇಆಫ್‌ನ ಮೊದಲ ಸುತ್ತಲ್ಲೇ ಹ್ಯೂಸ್ಟನ್ ಅವನ ತಂಡವನ್ನ 4-1ರಿಂದ ಸೋಲಿಸಿತ್ತು, ನಿಜ. ಆದ್ರೆ ಈ ಪ್ರಶಸ್ತಿಗೆ ಲೆಕ್ಕ ರೆಗ್ಯುಲರ್ ಸೀಸನ್ ಮಾತ್ರ. ಮರುವರ್ಷ ಹಾರ್ಡನ್‌ಗೂ ಸಿಕ್ಕಿತು.

ನಾನಂತೂ ಹಾರ್ಡನ್ ಪಾರ್ಟಿ. ಆದ್ರೆ ನಮ್ಮ ಪ್ರಾಜೆಕ್ಟ್ ಮುಗ್ಗರಿಸಿದ ವರ್ಷ ಅಪ್ರೈಸಲ್‌ನಲ್ಲಿ ಕೂತು, 'ಟೀಮ್ ಸೋತಿದ್ದು ನಿಜ ಸರ್, ನನ್ನ ಕೆಲಸ ಮಾತ್ರ ನೋಡಿ' ಅಂದಿದ್ದೆ. ಆವತ್ತು ನಾನೂ ವೆಸ್ಟ್‌ಬ್ರೂಕ್ ಪಾರ್ಟಿನೇ!

ನೀವು ಯಾವ ಕಡೆ?