ಹೆಣ್ಣುಮಕ್ಕಳ ಓಟು ಯಾರಿಗೆ ಬಿತ್ತು?

ಮತದಾನದ ದಿನ ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲೂಕಿನ ಯಾವ ಹಳ್ಳಿಯ ಬೂತಿಗೆ ಹೋದರೂ ಒಂದು ಲೆಕ್ಕ ತಯಾರಿರುತ್ತದೆ. ಎರಡು ತಾಸಿಗೊಮ್ಮೆ ಮೇಲಿನವರಿಗೆ ವರದಿ ಒಪ್ಪಿಸಬೇಕು: ಇಲ್ಲಿಯವರೆಗೆ ಗಂಡಸರು ಇಷ್ಟು, ಹೆಂಗಸರು ಇಷ್ಟು. ಆದರೆ ರಟ್ಟಿನ ಮರೆಯ ಹಿಂದೆ ಗುಂಡಿ ಒತ್ತಿದ್ದು ಬಳೆ ತೊಟ್ಟ ಕೈಯೋ ಅಲ್ಲವೋ ಎಂಬುದು ಮತಯಂತ್ರಕ್ಕೆ ತಿಳಿಯದು. ಎಣಿಕೆಯ ದಿನ ಹೊರಬೀಳುವುದು ಆ ಬೂತಿನಲ್ಲಿ ಯಾರಿಗೆ ಎಷ್ಟು ಎಂಬ ಮೊತ್ತ ಮಾತ್ರ. ಅತ್ತೆಯ ಓಟು, ಸೊಸೆಯ ಓಟು, ಮನೆ ಯಜಮಾನನ ಓಟು ಎಲ್ಲವೂ ಅದರಲ್ಲಿ ಕಲೆತುಹೋಗಿರುತ್ತವೆ. "ಈ ಸಲ ಹೆಣ್ಣುಮಕ್ಕಳೇ ಗೆಲ್ಲಿಸಿದರು" ಎಂದು ಫಲಿತಾಂಶದ ಸಂಜೆ ಟಿವಿಯಲ್ಲಿ ಕೇಳಿಬರುವ ಮಾತು ಎಣಿಕೆಯಿಂದ ಹುಟ್ಟಿದ್ದಲ್ಲ. ಅದು ಸಮೀಕ್ಷೆಯಿಂದ ಬಂದಿರಬೇಕು, ಇಲ್ಲವೇ ಊಹೆಯಿಂದ.

ಊಹೆ ಎಲ್ಲಿ ಜಾರುತ್ತದೆ ಎಂಬುದಕ್ಕೆ 2023ರ ವಿಧಾನಸಭಾ ಚುನಾವಣೆಯೇ ಸಾಕು. ಕೊಪ್ಪಳ ಕ್ಷೇತ್ರದಲ್ಲಿ ಬಿಜೆಪಿಯಿಂದ ನಿಂತವರು ಮಂಜುಳಾ ಅಮರೇಶ ಕರಡಿ, ಆಗಿನ ಸಂಸದ ಸಂಗಣ್ಣ ಕರಡಿಯವರ ಸೊಸೆ. ಹೆಣ್ಣು ಹೆಣ್ಣಿಗೇ ಓಟು ಹಾಕುತ್ತಾಳೆ ಎಂಬ ನಂಬಿಕೆ ನಿಜವಾಗಿದ್ದರೆ ಅವರು ಗೆಲ್ಲದಿದ್ದರೂ ಸಮೀಪಕ್ಕಾದರೂ ಬರಬೇಕಿತ್ತು. ಕಾಂಗ್ರೆಸ್ಸಿನ ರಾಘವೇಂದ್ರ ಹಿಟ್ನಾಳ 36 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಯಲಬುರ್ಗಾದಲ್ಲಿ ಸೋತ ಹಾಲಪ್ಪ ಆಚಾರ್ ಆಗ ರಾಜ್ಯದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರು. ಅಂಗನವಾಡಿ, ಸ್ತ್ರೀಶಕ್ತಿ ಸಂಘಗಳೆಲ್ಲ ಅವರ ಇಲಾಖೆಯವೇ. ಗಂಗಾವತಿಯಲ್ಲಿ ಐದು ತಿಂಗಳೂ ತುಂಬದ ಪಕ್ಷ ಕಟ್ಟಿಕೊಂಡು, ಫುಟ್‌ಬಾಲ್ ಎಂಬ ಹೊಸ ಚಿಹ್ನೆ ಹಿಡಿದು ಬಂದ ಜನಾರ್ದನ ರೆಡ್ಡಿ 8,266 ಮತಗಳಿಂದ ಗೆದ್ದರು. ಅದೇ ಪಕ್ಷದಿಂದ ಬಳ್ಳಾರಿ ನಗರದಲ್ಲಿ ನಿಂತ ಅವರ ಪತ್ನಿ ಅರುಣಾ ಲಕ್ಷ್ಮಿ ಸೋತರು. ಕುಷ್ಟಗಿಯದು ಬೇರೆಯೇ ಚಾಳಿ. 2013ರಲ್ಲಿ ದೊಡ್ಡನಗೌಡ ಪಾಟೀಲ, 2018ರಲ್ಲಿ ಅಮರೇಗೌಡ ಬಯ್ಯಾಪುರ, 2023ರಲ್ಲಿ ಮತ್ತೆ ದೊಡ್ಡನಗೌಡ. ಇಬ್ಬರನ್ನೂ ಸರದಿಯಂತೆ ಕರೆದು ಸರದಿಯಂತೆ ಕಳಿಸುವ ಕ್ಷೇತ್ರ ಅದು.

ಜಿಲ್ಲೆಯ ಈ ನಾಲ್ಕು ಫಲಿತಾಂಶಗಳಲ್ಲಿ ಹೆಂಗಸರ ಪಾಲು ಎಷ್ಟು? ಇಂಥ ಪ್ರಶ್ನೆಗೆ ಉತ್ತರ ಹುಡುಕುವ ಶಾಸ್ತ್ರ ಹೆಚ್ಚಾಗಿ ಬೆಳೆದದ್ದು ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಅಂಗಳದಲ್ಲಿ. ಭಾರತದ ರಾಷ್ಟ್ರಪತಿ ಚುನಾವಣೆ ಇದಕ್ಕೆ ಉಪಯೋಗಕ್ಕೆ ಬರುವುದಿಲ್ಲ. 2022ರಲ್ಲಿ ದ್ರೌಪದಿ ಮುರ್ಮು ಮತ್ತು ಯಶವಂತ ಸಿನ್ಹಾ ಎದುರುಬದುರಾದಾಗ ಕೊಪ್ಪಳ ಜಿಲ್ಲೆಯ ಹೆಂಗಸರಿಗೆ ಓಟೇ ಇರಲಿಲ್ಲ. ಅವರ ಪರವಾಗಿ ಓಟಿದ್ದದ್ದು ಸಂಸದರಿಗೆ ಮತ್ತು ಐವರು ಶಾಸಕರಿಗೆ. ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ 131. ಅದೂ 1971ರ ಜನಸಂಖ್ಯೆ ಹಿಡಿದು ಮಾಡಿದ ಲೆಕ್ಕ. ಜಿಲ್ಲೆಯ ಶಾಸಕರ ಒಟ್ಟು ತೂಕ 655, ಐವರೂ ಗಂಡಸರು.

ಅಮೆರಿಕದಲ್ಲಿ ಗಂಡಸರ ಮತ್ತು ಹೆಂಗಸರ ಆಯ್ಕೆ ಗಮನಿಸುವಷ್ಟು ಬೇರೆಯಾಗತೊಡಗಿದ್ದು 1980ರಲ್ಲಿ, ರೇಗನ್ ಮತ್ತು ಕಾರ್ಟರ್ ನಡುವಿನ ಸ್ಪರ್ಧೆಯಲ್ಲಿ. ರೇಗನ್‌ಗೆ ಗಂಡಸರಿಂದ ಸಿಕ್ಕ ಬೆಂಬಲಕ್ಕಿಂತ ಹೆಂಗಸರ ಬೆಂಬಲ ಶೇಕಡಾ 8ರಷ್ಟು ಕಡಿಮೆ ಇತ್ತು. ಆ ಅಂತರ ಅಲ್ಲಿಂದೀಚೆ ಮುಚ್ಚಿಲ್ಲ. ಆದರೆ 2016ರಲ್ಲಿ ಹಿಲರಿ ಕ್ಲಿಂಟನ್ ಎಂಬ ಮಹಿಳೆಯೇ ಕಣದಲ್ಲಿದ್ದಾಗ ಬಿಳಿಯ ಮಹಿಳೆಯರಲ್ಲಿ ಹೆಚ್ಚಿನವರು ಟ್ರಂಪ್ ಕಡೆ ವಾಲಿದರು. ಕಪ್ಪು ಮಹಿಳೆಯರು ಬಹುತೇಕ ಒಟ್ಟಾಗಿ ಹಿಲರಿ ಹಿಂದೆ ನಿಂತರು. ಅಲ್ಲಿ ಬಣ್ಣ ಮತ್ತು ಪಕ್ಷ ಮಾಡಿದ ಕೆಲಸವನ್ನು ಇಲ್ಲಿ ಜಾತಿ ಮತ್ತು ಪಕ್ಷ ಮಾಡುತ್ತವೆ ಎಂದರೆ ಕುಷ್ಟಗಿಯ ಕಟ್ಟೆಯ ಮೇಲೆ ಕೂತವರು ಯಾರೂ ಬೆರಗಾಗಲಾರರು.

ಬರೀ ಹೆಣ್ಣು ಎಂಬುದಕ್ಕೆ ಎಷ್ಟು ತೂಕ ಎಂದು ಬೇರ್ಪಡಿಸಿ ನೋಡಲು ಸಂಶೋಧಕರು ಒಂದು ಉಪಾಯ ಮಾಡಿಕೊಂಡಿದ್ದಾರೆ. ಮತದಾರರ ಮುಂದೆ ಇಬ್ಬರು ಕಾಲ್ಪನಿಕ ಅಭ್ಯರ್ಥಿಗಳ ವಿವರ ಇಡುತ್ತಾರೆ. ಒಬ್ಬರು 45 ವರ್ಷದ ಮಹಿಳೆ, ಪಿಯುಸಿ ಓದು, ತಾಲೂಕು ಪಂಚಾಯಿತಿಯಲ್ಲಿ ಒಂದು ಅವಧಿಯ ಅನುಭವ, ಕೃಷಿ ಕುಟುಂಬ. ಇನ್ನೊಬ್ಬರು 58ರ ಗಂಡಸು, ಪದವೀಧರ, ಗುತ್ತಿಗೆದಾರ, ಅನುಭವವಿಲ್ಲ. ಇಬ್ಬರಲ್ಲಿ ಯಾರು? ಮುಂದಿನವರಿಗೆ ತೋರಿಸುವಾಗ ವಯಸ್ಸು, ಓದು, ಲಿಂಗ ಎಲ್ಲವನ್ನೂ ಚೀಟಿ ಎತ್ತಿದಂತೆ ಅದಲು ಬದಲು ಮಾಡುತ್ತಾರೆ. ಸಾವಿರಾರು ಜನ ಉತ್ತರಿಸಿದ ಮೇಲೆ ಯಾವ ಅಂಶ ಎಷ್ಟು ಓಟು ತಂದಿತು ಎಂಬುದು ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ. ಬೇರೆ ಬೇರೆ ದೇಶಗಳಲ್ಲಿ ನಡೆದ ಇಂಥ 67 ಪ್ರಯೋಗಗಳನ್ನು ಸೂಸನ್ ಶ್ವಾರ್ಜ್ ಮತ್ತು ಅಲೆಗ್ಸಾಂಡರ್ ಕೊಪಾಕ್ ಒಟ್ಟುಗೂಡಿಸಿ ನೋಡಿದರು. ಉಳಿದೆಲ್ಲ ಸಮವಾಗಿದ್ದರೆ ಹೆಣ್ಣಾಗಿರುವುದು ಅಭ್ಯರ್ಥಿಗೆ ಸರಾಸರಿ ಶೇಕಡಾ 2ರಷ್ಟು ಲಾಭವನ್ನೇ ತರುತ್ತದೆ, ನಷ್ಟವನ್ನಲ್ಲ. ಕಾಗದದ ಮೇಲೆ ಉಳಿದೆಲ್ಲ ಸಮ ಇರುತ್ತದೆ. ಕಣದಲ್ಲಿ ಟಿಕೆಟ್, ದುಡ್ಡು, ಕಾರ್ಯಕರ್ತರು ಯಾವುದೂ ಸಮ ಇರುವುದಿಲ್ಲ. ಕೊಪ್ಪಳದಲ್ಲಿಯೇ ಟಿಕೆಟ್ ತಪ್ಪಿದ ಬಿಜೆಪಿಯ ಸಿ.ವಿ. ಚಂದ್ರಶೇಖರ್ ಜೆಡಿಎಸ್‌ನಿಂದ ನಿಂತು ಓಟು ಒಡೆದರು. ಅದರ ಮುಂದೆ ಈ ಶೇಕಡಾ 2 ಯಾವ ಲೆಕ್ಕ?

ಮಹಿಳೆಯ ಆಡಳಿತ ಕಂಡ ಅನುಭವ ಮಾತ್ರ ಮತದಾರರ ನೋಟ ಬದಲಿಸುತ್ತದೆ. ಪಶ್ಚಿಮ ಬಂಗಾಳದಲ್ಲಿ ಲೋರಿ ಬೀಮನ್, ಎಸ್ತರ್ ಡುಫ್ಲೊ ಮೊದಲಾದವರು ಹಳ್ಳಿಗರಿಗೆ ಒಂದೇ ಭಾಷಣವನ್ನು ಕೆಲವರಿಗೆ ಗಂಡು ದನಿಯಲ್ಲಿ, ಕೆಲವರಿಗೆ ಹೆಣ್ಣು ದನಿಯಲ್ಲಿ ಕೇಳಿಸಿದರು. ಎಂದೂ ಮಹಿಳೆಯನ್ನು ಪಂಚಾಯಿತಿ ಮುಖ್ಯಸ್ಥೆಯಾಗಿ ಕಾಣದ ಊರುಗಳ ಗಂಡಸರು ಹೆಣ್ಣು ದನಿಗೆ ಕಡಿಮೆ ಅಂಕ ಕೊಟ್ಟರು. ಮೀಸಲಾತಿಯಿಂದ ಒಮ್ಮೆ ಮಹಿಳೆ ಆಳಿದ ಊರುಗಳಲ್ಲಿ ಆ ತಾರತಮ್ಯ ಬಹಳ ಮಟ್ಟಿಗೆ ಅಳಿದಿತ್ತು. ಕರ್ನಾಟಕ ಈ ದಾರಿಯಲ್ಲಿ ಮೊದಲೇ ನಡೆದ ರಾಜ್ಯ. 1983ರ ಕಾಯ್ದೆಯಲ್ಲೇ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಶೇ. 25 ಮೀಸಲು ಕೊಟ್ಟು 1987ರಲ್ಲಿ ಚುನಾವಣೆ ನಡೆಸಿತು. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರನ್ನು ಜನ 'ನೀರ್ ಸಾಬ್' ಎಂದು ಕರೆದದ್ದು ಊರೂರಿಗೆ ಹಾಕಿಸಿದ ಕೊಳವೆಬಾವಿಗಳಿಗಾಗಿ.

ನೀರಿನ ಮಾತಿಗೆ ಬಂದರೆ ವಿಷಯ ನಿಜಕ್ಕೂ ಬಿಗಿಯಾಗುತ್ತದೆ. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಡುಫ್ಲೊ 2004ರಲ್ಲಿ ಪ್ರಕಟಿಸಿದ ಅಧ್ಯಯನ ಬಂಗಾಳದ ಬೀರ್‌ಭೂಮ್ ಮತ್ತು ರಾಜಸ್ಥಾನದ ಉದಯಪುರ ಜಿಲ್ಲೆಗಳದ್ದು. ಎರಡೂ ಕಡೆ ಹೆಂಗಸರು ಪಂಚಾಯಿತಿಗೆ ಹೆಚ್ಚಾಗಿ ಒಯ್ದ ದೂರು ಕುಡಿಯುವ ನೀರಿನದು. ಮಹಿಳೆ ಮುಖ್ಯಸ್ಥೆಯಾದ ಕಡೆ ನೀರಿಗೆ ಹೆಚ್ಚು ಖರ್ಚಾಯಿತು. ರಸ್ತೆಯ ಕಥೆ ಬೇರೆ. ಬಂಗಾಳದಲ್ಲಿ ರಸ್ತೆ ಕೆಲಸದ ಕೂಲಿ ಹೆಂಗಸರಿಗೂ ಸಿಗುತ್ತಿತ್ತು, ಹಾಗಾಗಿ ರಸ್ತೆ ಅವರ ಬೇಡಿಕೆಯಾಗಿತ್ತು. ಉದಯಪುರದಲ್ಲಿ ದುಡಿಮೆ ಹುಡುಕಿ ಊರು ಬಿಡುತ್ತಿದ್ದವರು ಗಂಡಸರು. ಅಲ್ಲಿ ರಸ್ತೆ ಕೇಳಿದವರೂ ಗಂಡಸರೇ. ಹೆಂಗಸರ ಮನಸ್ಸೇ ಬೇರೆ ಎಂದು ಹೇಳುವವರು ಈ ಎರಡು ಜಿಲ್ಲೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಬೇರೆಯಾಗಿದ್ದದ್ದು ಯಾರ ಪಾಲಿಗೆ ಯಾವ ಕೆಲಸ ಎಂಬುದು.

ಕೊಪ್ಪಳ ಜಿಲ್ಲೆಯೊಳಗೇ ಇಂಥ ಎರಡು ಲೋಕಗಳಿವೆ. ಗಂಗಾವತಿಯದು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡು. ನಾಟಿ, ಕಳೆ, ಎಲ್ಲಕ್ಕೂ ಹೆಂಗಸರ ಕೈಯೇ ಬೇಕು, ಕಾಲುವೆಗೆ ನೀರು ಬಿಡುವ ದಿನದ ಮೇಲೆ ಅವರ ಕೂಲಿ ನಿಂತಿದೆ. ಕುಷ್ಟಗಿ, ಯಲಬುರ್ಗಾ ಮಳೆ ನಂಬಿದ ಒಣ ಸೀಮೆ. ಜೋಳ, ಸಜ್ಜೆ, ಕಡಲೆ ಕೈಕೊಟ್ಟ ವರ್ಷ ಸಂಸಾರ ಸಮೇತ ಗುಳೆ ಹೊರಡುವವರ ಊರುಗಳು. ಇಲ್ಲಿನ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಸುರಕ್ಷಿತ ಮಿತಿಯನ್ನು, ಅಂದರೆ ಲೀಟರಿಗೆ 1.5 ಮಿಲಿಗ್ರಾಂ, ದಾಟಿರುತ್ತದೆ. ಮಕ್ಕಳ ಹಲ್ಲಿನ ಕಂದು ಪಟ್ಟೆ, ದೊಡ್ಡವರ ಮಂಡಿ ನೋವು ಆ ನೀರಿನದೇ ಕಾಣಿಕೆ. ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಇಟ್ಟುಕೊಂಡು ಸಾಲಿನಲ್ಲಿ ನಿಲ್ಲುವವರಿಗೆ ಘಟಕ ಕೆಟ್ಟು ನಿಂತಾಗ ರಿಪೇರಿ ಮಾಡಿಸಿದವರು ಯಾರು, ಫೋನು ಎತ್ತದವರು ಯಾರು ಎಂಬುದು ಚೆನ್ನಾಗಿ ನೆನಪಿರುತ್ತದೆ. ಗಂಗಾವತಿಯ ಅಭ್ಯರ್ಥಿಯನ್ನು ಅಳೆಯುವ ಮಾತು ಕುಷ್ಟಗಿಯಲ್ಲಿ ನಡೆಯಬೇಕೆಂದೇನೂ ಇಲ್ಲ.

ಇನ್ನು ದುಡ್ಡು. 2023ರ ಜೂನ್ 11ರಂದು ಹೊಸ ಕಾಂಗ್ರೆಸ್ ಸರ್ಕಾರದ ಗ್ಯಾರಂಟಿಗಳಲ್ಲಿ ಒಂದಾದ ಶಕ್ತಿ ಯೋಜನೆ ಶುರುವಾಯಿತು. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಲ್ಲಿ ಹೆಂಗಸರಿಗೆ ಶೂನ್ಯ ಟಿಕೆಟ್. ಆಗಸ್ಟ್ 30ರಿಂದ ಗೃಹಲಕ್ಷ್ಮಿ, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಮರುವರ್ಷ ಲೋಕಸಭಾ ಚುನಾವಣೆಯಲ್ಲಿ ಕೊಪ್ಪಳ ಕಾಂಗ್ರೆಸ್ ಪಾಲಾಯಿತು, ಕಲ್ಯಾಣ ಕರ್ನಾಟಕದ ಐದೂ ಕ್ಷೇತ್ರಗಳು ಅದೇ ದಾರಿ ಹಿಡಿದವು. ಗ್ಯಾರಂಟಿಯ ಫಲ ಎಂದು ಎಲ್ಲರೂ ಅಂದರು. ಅದೇ 2,000 ರೂಪಾಯಿ ಮಂಡ್ಯಕ್ಕೂ ಹೋಗಿತ್ತು, ಮೈಸೂರಿಗೂ ಹೋಗಿತ್ತು. ಅಲ್ಲಿ ಕಾಂಗ್ರೆಸ್ ಸೋತಿತು. ರಾಜ್ಯದ 28ರಲ್ಲಿ ಅದಕ್ಕೆ ಸಿಕ್ಕಿದ್ದು 9.

ವಿಜ್ಞಾನದ ಕಣ್ಣಿನಿಂದ ಇಲ್ಲಿ ಒಂದು ತೊಡಕಿದೆ. ಔಷಧಿಯ ಗುಣ ತಿಳಿಯಬೇಕಾದರೆ ಅದನ್ನು ಕುಡಿಯದವರೂ ಇರಬೇಕು. ಎಲ್ಲ ಜಿಲ್ಲೆಗೂ ಒಟ್ಟಿಗೇ ಹೋದ ಯೋಜನೆಗೆ ಹೋಲಿಸಲು ಇನ್ನೊಂದು ಗುಂಪು ಉಳಿಯುವುದಿಲ್ಲ. ಉರುಗ್ವೆಯಲ್ಲಿ ಆ ಅನುಕೂಲ ಸಿಕ್ಕಿತು. ಅಲ್ಲಿನ ನಗದು ನೆರವಿನ ಯೋಜನೆಯಲ್ಲಿ ಬಡತನದ ಅಂಕ ಒಂದು ಗೆರೆಗಿಂತ ಕೆಳಗಿದ್ದರೆ ಮಾತ್ರ ಹಣ. ಗೆರೆಯ ಸ್ವಲ್ಪ ಕೆಳಗೆ, ಸ್ವಲ್ಪ ಮೇಲೆ ಇದ್ದ ಕುಟುಂಬಗಳು ಬಹುಮಟ್ಟಿಗೆ ಒಂದೇ ತೆರನಾದವು. ಹಣ ಪಡೆದವರಲ್ಲಿ ಸರ್ಕಾರದ ಪರ ಒಲವು ಶೇಕಡಾ 11ರಿಂದ 13ರಷ್ಟು ಹೆಚ್ಚಿತ್ತು. ಅತ್ತ ಮೆಕ್ಸಿಕೊದ ಇಂಥದೇ ಯೋಜನೆ ಆಳುವ ಪಕ್ಷಕ್ಕೆ ಓಟು ತಂದಿತೆಂದು ಒಂದು ಅಧ್ಯಯನ ಹೇಳಿತ್ತು. ಅದೇ ದತ್ತಾಂಶವನ್ನು ಕೊಸುಕೆ ಇಮಾಯ್, ಗ್ಯಾರಿ ಕಿಂಗ್ ಮತ್ತಿತರರು ಮತ್ತೆ ಜಾಲಾಡಿದಾಗ ಆ ಪರಿಣಾಮ ನಿಲ್ಲಲಿಲ್ಲ. ದುಡ್ಡು ಕೊಟ್ಟರೆ ಹೆಂಗಸರ ಓಟು ಬಿದ್ದೇ ಬೀಳುತ್ತದೆ ಎಂದು ಕಣ್ಣುಮುಚ್ಚಿ ಹೇಳುವ ತಂತ್ರಗಾರರಿಗೆ ಈ ಎರಡನೆಯ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಹಾಗಾದರೆ ನೇರವಾಗಿ ಕೇಳಿಬಿಡಬಹುದಲ್ಲ? ಕೇಳುವುದೇ ಕಷ್ಟ. ಸಮೀಕ್ಷೆಯವರು ಬಾಗಿಲಿಗೆ ಬಂದರೆ "ನಮ್ಮ ಮನಿಯವ್ರನ್ನ ಕೇಳ್ರಿ" ಎಂದು ಒಳಗೆ ಹೋಗುವವರೇ ಹೆಚ್ಚು. ನಿಂತು ಮಾತಾಡಿದರೂ ಹಿಂದೆ ಗಂಡನೋ ಮಾವನೋ ನಿಂತಿರುತ್ತಾರೆ. ಅದಕ್ಕಾಗಿ ಲೋಕನೀತಿಯಂಥ ಸಂಸ್ಥೆಗಳು ಹೆಸರು, ಚಿಹ್ನೆ ಅಚ್ಚು ಹಾಕಿದ ನಕಲಿ ಮತಪತ್ರವನ್ನು ಕೈಗೆ ಕೊಟ್ಟು, ಗುರುತು ಹಾಕಿ ಮಡಚಿ ಡಬ್ಬಿಗೆ ಹಾಕಿಸಿಕೊಳ್ಳುವ ಕ್ರಮ ರೂಢಿಸಿಕೊಂಡಿವೆ. ಬಾಯಿ ಬಿಡಬೇಕಿಲ್ಲ. ಓದು ಬಾರದಿದ್ದರೂ ಚಿಹ್ನೆ ಗೊತ್ತಾಗುತ್ತದೆ, ಮತ್ತು 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಮಹಿಳಾ ಸಾಕ್ಷರತೆ ಶೇ. 57ರ ಆಸುಪಾಸು.

ಗಂಡ ಹೇಳಿದ ಗುಂಡಿಯನ್ನೇ ಹೆಂಡತಿ ಒತ್ತುತ್ತಾಳೆ ಎಂಬುದು ಹಳೆಯ ಮಾತು. ಅದರಲ್ಲಿ ನಿಜವಿಲ್ಲದಿಲ್ಲ. ಸ್ವತಂತ್ರ ಭಾರತದ ಮೊದಲ ಚುನಾವಣೆಯ ಪಟ್ಟಿ ತಯಾರಿಸುವಾಗ ಲಕ್ಷಾಂತರ ಹೆಂಗಸರು ತಮ್ಮ ಹೆಸರನ್ನೇ ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದು ಬರೆಸಿದ್ದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅಂಥ ಸುಮಾರು 28 ಲಕ್ಷ ಹೆಸರುಗಳನ್ನು ಪಟ್ಟಿಯಿಂದ ತೆಗೆಸಿದರು. ಆದರೆ 2019 ಮತ್ತು 2024ರ ಲೋಕಸಭಾ ಚುನಾವಣೆಗಳಲ್ಲಿ ದೇಶದ ಹೆಂಗಸರ ಮತದಾನ ಪ್ರಮಾಣ ಗಂಡಸರದ್ದನ್ನು ಕೂದಲೆಳೆಯಷ್ಟು ಮೀರಿತು: 2024ರಲ್ಲಿ 65.78 ಮತ್ತು 65.55. ಬೂತಿಗೆ ಬರುವುದು ಒಂದು, ಸ್ವಂತ ಆಯ್ಕೆ ಇನ್ನೊಂದು. ಎರಡನೆಯದನ್ನು ಅಳೆದವರು ಕ್ಸೇವಿಯರ್ ಜಿನೆ ಮತ್ತು ಘಜಾಲಾ ಮನ್ಸೂರಿ. ಪಾಕಿಸ್ತಾನದ ಸಿಂಧ್‌ನಲ್ಲಿ ಹೆಂಗಸರಿಗೆ ಪ್ರತ್ಯೇಕ ಮತಗಟ್ಟೆಗಳಿರುವುದು ಅವರಿಗೆ ವರವಾಯಿತು. 2008ರಲ್ಲಿ ಕೆಲವು ಕೇರಿಗಳ ಹೆಂಗಸರಿಗೆ ಮನೆಬಾಗಿಲಲ್ಲಿ ಓಟಿನ ಮಹತ್ವ ಮತ್ತು ಗುಟ್ಟಿನ ಮತದಾನದ ವಿಷಯ ತಿಳಿಸಿದರು. ಅಲ್ಲಿನ ಹೆಂಗಸರ ಮತದಾನ ಶೇಕಡಾ 12ರಷ್ಟು ಏರಿತು, ಗಂಡಸರ ಆಯ್ಕೆಯಿಂದ ಬೇರೆಯಾಗುವ ಧೈರ್ಯವೂ ಕಂಡಿತು. ಪ್ರಚಾರ ಮುಟ್ಟದ ನೆರೆಮನೆಯವರಿಗೂ ಅದು ಹಬ್ಬಿತು.

ನೆರೆಮನೆಗೆ ಹಬ್ಬುವ ಕೆಲಸವನ್ನು ಇಲ್ಲಿ ವಾರದ ಸಂಘಗಳು ಮಾಡುತ್ತವೆ. ಮಧ್ಯಪ್ರದೇಶದಲ್ಲಿ ಸೊಲೆಡಾಡ್ ಪ್ರಿಲಮನ್ ಕಂಡದ್ದು ಇದು: ಸ್ವಸಹಾಯ ಸಂಘಕ್ಕೆ ಸೇರದ ಹೆಂಗಸು ರಾಜಕೀಯ ಮಾತಾಡುವುದು ಬಹುತೇಕ ಮನೆಯೊಳಗಿನವರ ಜೊತೆ, ಸೇರಿದವಳು ಗ್ರಾಮಸಭೆಗೆ ಹೋಗುತ್ತಾಳೆ, ಅಧಿಕಾರಿಯನ್ನು ಕೇಳುತ್ತಾಳೆ. ಉಳಿತಾಯದ ಪುಸ್ತಕಕ್ಕಿಂತ ಮನೆಯಾಚೆ ಮಾತಿಗೆ ಸಿಗುವ ಹತ್ತು ಜನ ಮುಖ್ಯ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಮದ್ಯ ನಿಷೇಧ ಕೇಳಿ ಸಾವಿರಾರು ಹೆಂಗಸರು ನಡೆದು ಹೋದದ್ದು ಇಂಥ ಸಂಘಟನೆಯ ಬಲದಿಂದಲೇ. ಆದರೂ 2023ರಲ್ಲಿ ಕಣದ ಮೂರೂ ದೊಡ್ಡ ಪಕ್ಷಗಳ ಪ್ರಚಾರದಲ್ಲಿ ಮದ್ಯದ ಮಾತು ಮುಂದೆ ಬರಲಿಲ್ಲ. ಅಭ್ಯರ್ಥಿಗಳ ನಡುವೆ ವ್ಯತ್ಯಾಸವೇ ಇಲ್ಲದ ಸಂಗತಿ, ಅದು ಎಷ್ಟೇ ಸುಡುವಂಥದ್ದಾದರೂ, ಆಯ್ಕೆಯಲ್ಲಿ ಗೋಚರಿಸುವುದಿಲ್ಲ.

ಇಬ್ಬರು ಪ್ರಮುಖ ಅಭ್ಯರ್ಥಿಗಳೂ ಹೆಂಗಸರೇ ಆದರೆ? ಹೊಳೆಯಾಚೆಯ ಬಳ್ಳಾರಿ 1999ರಲ್ಲಿ ಅದನ್ನು ನೋಡಿದೆ. ಸೋನಿಯಾ ಗಾಂಧಿಗೆ ಎದುರಾಗಿ ಸುಷ್ಮಾ ಸ್ವರಾಜ್. ಸುಷ್ಮಾ ಕೆಲವೇ ವಾರಗಳಲ್ಲಿ ಕನ್ನಡ ಕಲಿತು ಭಾಷಣ ಮಾಡಿದರು, ಸೋತ ಮೇಲೂ ವರ್ಷ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಬಳ್ಳಾರಿಗೆ ಬಂದರು. ಗೆದ್ದವರು ಸೋನಿಯಾ, 56,100 ಮತಗಳಿಂದ. ಅವರು ಅಮೇಠಿ ಉಳಿಸಿಕೊಂಡು ಬಳ್ಳಾರಿ ಬಿಟ್ಟಾಗ 2000ದ ಉಪಚುನಾವಣೆಯಲ್ಲಿ ಕಾಂಗ್ರೆಸ್ ಕೋಳೂರು ಬಸವನಗೌಡರನ್ನು ನಿಲ್ಲಿಸಿತು; ಅವರೂ ಗೆದ್ದರು. ಮಹಿಳೆ ಹೋಗಿ ಗಂಡಸು ಬಂದರೂ ಪಕ್ಷದ ಓಟು ಪಕ್ಷಕ್ಕೇ ಉಳಿಯಿತು.

2023ರ ಸೆಪ್ಟೆಂಬರ್ 28ರಂದು ರಾಷ್ಟ್ರಪತಿ ಮುರ್ಮು ಅಂಕಿತ ಹಾಕಿದ 106ನೇ ತಿದ್ದುಪಡಿ, ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆ ಮುಗಿದ ಮೇಲೆ, ಲೋಕಸಭೆ ಮತ್ತು ವಿಧಾನಸಭೆಗಳ ಮೂರನೇ ಒಂದರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಡುತ್ತದೆ. ಕುಷ್ಟಗಿಗೋ ಯಲಬುರ್ಗಾಕ್ಕೋ ಆ ಸರದಿ ಬಂದ ಚುನಾವಣೆಯಲ್ಲಿ ಕಣದಲ್ಲಿರುವವರೆಲ್ಲ ಹೆಂಗಸರೇ. ಗಂಡು ಹೆಣ್ಣೆಂಬ ಅಂಶ ಲೆಕ್ಕದಿಂದ ತಾನಾಗಿ ಹೊರಬಿದ್ದು, ಉಳಿದ ನೀರು, ಕೂಲಿ, ಜಾತಿ, ಚಿಹ್ನೆಗಳಲ್ಲಿ ಯಾವುದು ಎಷ್ಟು ತೂಗಿತು ಎಂದು ನಕಲಿ ಮತಪತ್ರದ ಡಬ್ಬಿ ಹಿಡಿದು ಬರುವವರಿಗೆ ಕೆಲಸ ಹಗುರಾಗುತ್ತದೆ.