ಆರ್‌ವಿ ಟೈರಿಗೆ ಯಾವ ಗೇಜ್ ಸರಿ?

ಕಾರಿನ ಟೈರಿಗೆ ಮೂವತ್ತು ಚಿಲ್ಲರೆ ಪಿಎಸ್‌ಐ ಗಾಳಿ ಸಾಕು. ಅಡುಗೆಮನೆ, ಮಂಚ, ಶೌಚಾಲಯ, ನೀರಿನ ಟ್ಯಾಂಕು ಎಲ್ಲವನ್ನೂ ಹೊತ್ತು ಅಮೆರಿಕದ ಹೆದ್ದಾರಿಗಳಲ್ಲಿ ಓಡಾಡುವ ಆರ್‌ವಿಗೆ ಅಷ್ಟು ಸಾಲದು. ವ್ಯಾನಿನ ಚಾಸಿ ಮೇಲೆ ಕಟ್ಟಿದ ಕ್ಲಾಸ್ ಸಿ ವಾಹನಕ್ಕೆ ಸಾಮಾನ್ಯವಾಗಿ 60ರಿಂದ 80 ಪಿಎಸ್‌ಐ ಬೇಕು. ಬಸ್ಸಿನ ಗಾತ್ರದ ಕ್ಲಾಸ್ ಎ ವಾಹನಗಳಲ್ಲಿ ಅದು 100 ದಾಟುವುದೂ ಉಂಟು. ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡಿರುವ, 60ಕ್ಕೇ ಮುಗಿದುಹೋಗುವ ಗೇಜ್ ಇಲ್ಲಿ ಕೆಲಸಕ್ಕೆ ಬಾರದು.

ಡ್ಯಾಶ್‌ಬೋರ್ಡಿನ ದೀಪವನ್ನು ನಂಬಬಹುದಲ್ಲ ಎನ್ನುವವರಿದ್ದಾರೆ. 2000ನೇ ಇಸವಿಯ ಟ್ರೆಡ್ ಕಾಯ್ದೆಯ ಫಲವಾಗಿ, 2008ರ ಮಾದರಿಯಿಂದೀಚೆಗೆ ಅಮೆರಿಕದ ಎಲ್ಲ ಹೊಸ ಕಾರುಗಳಲ್ಲಿ ಗಾಳಿ ಇಳಿದರೆ ಎಚ್ಚರಿಸುವ ವ್ಯವಸ್ಥೆ ಕಡ್ಡಾಯ. ಆದರೆ ಈ ನಿಯಮ 10,000 ಪೌಂಡ್, ಅಂದರೆ ಸುಮಾರು 4,500 ಕಿಲೋ ಒಟ್ಟು ತೂಕದ ಮಿತಿಯೊಳಗಿನ ವಾಹನಗಳಿಗೆ ಮಾತ್ರ. ದೊಡ್ಡ ಮೋಟಾರ್‌ಹೋಮ್‌ಗಳೂ ಎಳೆದೊಯ್ಯುವ ಟ್ರೇಲರ್‌ಗಳೂ ಇದರ ಹೊರಗೆ. ಮೇಲಾಗಿ, ಒತ್ತಡ ಶೇ 25ರಷ್ಟು ಕುಸಿದಾಗ ದೀಪ ಹೊತ್ತಿದರೂ ನಿಯಮ ಪಾಲಿಸಿದಂತೆಯೇ. 80 ಪಿಎಸ್‌ಐ ಇರಬೇಕಾದ ಟೈರಿನ ಲೆಕ್ಕದಲ್ಲಿ ಅದು 60. ಆದರೆ ಶೇ 20ಕ್ಕಿಂತ ಹೆಚ್ಚು ಗಾಳಿ ಕಡಿಮೆಯಾಗಿ ಓಡಿದ ಟೈರನ್ನು ರಿಮ್ಮಿನಿಂದ ಬಿಚ್ಚಿ ಒಳಭಾಗ ಪರೀಕ್ಷಿಸಬೇಕೆಂಬುದು ಟೈರ್ ಉದ್ಯಮದ ಎಚ್ಚರಿಕೆ. ಗಾಳಿ ಕಮ್ಮಿಯಾದ ಟೈರು ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಬಿಸಿಯಾಗುತ್ತದೆ, ಒಳಪದರಗಳು ಬಿಟ್ಟುಕೊಳ್ಳುತ್ತವೆ. ದೀಪ ಹೊತ್ತುವ ಮೊದಲೇ ಇದನ್ನು ಹಿಡಿಯಲು ಕೈಯಲ್ಲೊಂದು ಗೇಜ್ ಬೇಕು.

ಯಾವುದರ ಶೇಕಡಾ?

ಡಬ್ಬದ ಮೇಲೆ ‘±2%’ ಎಂದು ಬರೆದಿದ್ದರೆ, ಯಾವುದರ ಶೇಕಡಾ ಎಂದು ಮೊದಲು ಕೇಳಬೇಕು. ಮುಳ್ಳಿನ ಗೇಜ್‌ಗಳಲ್ಲಿ ಸಾಮಾನ್ಯವಾಗಿ ಅದು ಡಯಲಿನ ಪೂರ್ತಿ ಅಳತೆಯ ಶೇಕಡಾ. ಮುಳ್ಳು ತೋರಿಸುತ್ತಿರುವ ಅಂಕಿಯದಲ್ಲ. 0–160 ಗೇಜಿನಲ್ಲಿ ಶೇ 2 ಎಂದರೆ 3.2 ಪಿಎಸ್‌ಐ. ನೀವು 30 ಅಳೆದರೂ 110 ಅಳೆದರೂ ಅಷ್ಟೇ ತಪ್ಪಿಗೆ ಅವಕಾಶ. 30ರಲ್ಲಿ ಅದು ಶೇ 10ಕ್ಕೂ ಹೆಚ್ಚು, 110ರಲ್ಲಿ ಶೇ 3ರ ಆಸುಪಾಸು.

ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ (ಎಎಸ್‌ಎಂಇ) ಬಿ40.100 ಮಾನದಂಡದಲ್ಲಿ ಗೇಜ್‌ಗಳಿಗೆ ದರ್ಜೆಗಳಿವೆ. ‘ಬಿ’ ದರ್ಜೆಯಲ್ಲಿ ಡಯಲಿನ ನಡುವಿನ ಅರ್ಧಭಾಗಕ್ಕೆ ಶೇ 2, ಎರಡೂ ತುದಿಗಳ ಕಾಲುಭಾಗಕ್ಕೆ ಶೇ 3 ರಿಯಾಯಿತಿ. ‘1ಎ’ ದರ್ಜೆಯಲ್ಲಿ ಉದ್ದಕ್ಕೂ ಶೇ 1, ‘2ಎ’ ದರ್ಜೆಯಲ್ಲಿ ಶೇ 0.5. 0–160ರ ‘2ಎ’ ಗೇಜ್ ಹೆಚ್ಚೆಂದರೆ 0.8 ಪಿಎಸ್‌ಐ ತಪ್ಪಬಹುದು. ಹಾಗಾಗಿ ನಿಮ್ಮ ಟೈರಿನ ಅಂಕಿ ಡಯಲಿನ ನಡುಭಾಗದಲ್ಲಿ ಬೀಳುವಂಥ ಗೇಜನ್ನೇ ಆರಿಸಿ. 65 ಪಿಎಸ್‌ಐಗೆ 0–100 ಆಗುತ್ತದೆ. 80 ಇರಲಿ, 110 ಇರಲಿ, 0–160 ಹೊಂದುತ್ತದೆ.

ಕಡ್ಡಿ, ಮುಳ್ಳು, ಡಿಜಿಟಲ್

ಪೆನ್ನಿನಂತಿರುವ ಕಡ್ಡಿ ಗೇಜಿನಲ್ಲಿ ಗಾಳಿ ಒಂದು ಸ್ಪ್ರಿಂಗನ್ನು ಒತ್ತಿ ಅಂಕಿಯ ಪಟ್ಟಿಯನ್ನು ಹೊರಕ್ಕೆ ತಳ್ಳುತ್ತದೆ. ಅಗ್ಗ, ಬ್ಯಾಟರಿಯ ಹಂಗಿಲ್ಲ. ಆದರೆ ಗೆರೆಗಳು ಒತ್ತಾಗಿರುತ್ತವೆ, ದೂಳು ಸೇರಿದರೆ ಪಟ್ಟಿ ತಡೆಯುತ್ತದೆ.

ಒಳ್ಳೆಯ ಮುಳ್ಳಿನ ಗೇಜಿನ ಹೊಟ್ಟೆಯಲ್ಲಿರುವುದು, ಫ್ರಾನ್ಸಿನ ಯೂಜೀನ್ ಬೂರ್ದಾಂ 1849ರಲ್ಲಿ ಪೇಟೆಂಟ್ ಪಡೆದ ಬಾಗಿದ ಚಪ್ಪಟೆ ಕೊಳವೆ. ಜಾತ್ರೆಯಲ್ಲಿ ಮಾರುವ, ಊದಿದರೆ ಸುರುಳಿ ಬಿಚ್ಚಿಕೊಳ್ಳುವ ಕಾಗದದ ಪೀಪಿಯ ಹಾಗೆ, ಗಾಳಿ ನುಗ್ಗಿದಾಗ ಕೊಳವೆ ತುಸು ನೆಟ್ಟಗಾಗುತ್ತದೆ. ಆ ಅಲುಗಾಟವನ್ನು ಹಲ್ಲಿನ ಚಕ್ರಗಳು ಮುಳ್ಳಿಗೆ ಮುಟ್ಟಿಸುತ್ತವೆ. ಕೈಜಾರಿ ನೆಲಕ್ಕೆ ಬಿದ್ದರೆ ಕೊಳವೆಯೋ ಹಲ್ಲುಗಳೋ ಕೆಡಬಹುದು. ರಬ್ಬರ್ ಕವಚ ಅದಕ್ಕೇ.

ಡಿಜಿಟಲ್ ಗೇಜಿನಲ್ಲಿ ತೆಳು ಸಿಲಿಕಾನ್ ಪೊರೆ ಬಾಗಿದಾಗ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಕತ್ತಲಲ್ಲೂ ಓದಬಹುದು. ಆದರೆ 80.5 ಎಂದು ದಶಾಂಶ ತೋರಿಸಿದ ಮಾತ್ರಕ್ಕೆ ಅದು ನಿಖರ ಎಂದಲ್ಲ. ಶೇ 1ರ ತಪ್ಪಿರುವ ಗೇಜಿನಲ್ಲಿ ಆ ದಶಾಂಶ ಬರೀ ಅಲಂಕಾರ.

ಒಳಗಿನ ಟೈರು

ಎಷ್ಟೇ ನಿಖರವಾದ ಗೇಜಾದರೂ ವಾಲ್ವಿಗೆ ತಲುಪದಿದ್ದರೆ ವ್ಯರ್ಥ. ಬಹುತೇಕ ಮೋಟಾರ್‌ಹೋಮ್‌ಗಳ ಹಿಂಬದಿಯಲ್ಲಿ ಲಾರಿಯಂತೆ ಜೋಡಿ ಚಕ್ರಗಳಿರುತ್ತವೆ. ಹೊರಗಿನ ಟೈರಿನ ವಾಲ್ವ್ ಒಂದು ಕಡೆಗೆ ಮುಖ ಮಾಡಿದರೆ ಒಳಗಿನದು ರಿಮ್ಮಿನ ತೂತಿನ ಆಚೆ ಇನ್ನೊಂದು ಕಡೆಗೆ. ಇದಕ್ಕೆ ಉದ್ದ ಕತ್ತಿನ, ಮುಂದಕ್ಕೊಂದು ಹಿಂದಕ್ಕೊಂದು ಬಾಯಿರುವ, ಲಾರಿಯವರು ಬಳಸುವ ಬಗೆಯ ತಲೆಯೇ ಬೇಕು. ಒಳಗಿನ ಟೈರಿನ ಗಾಳಿ ಇಳಿದರೆ ಪಕ್ಕದ್ದು ಭಾರ ಹೊರುವುದರಿಂದ ಕಣ್ಣಿಗೆ ಗೊತ್ತಾಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ನೋಡಬೇಕಾದದ್ದೇ ಅದನ್ನು.

ನಂಬುವ ಮುನ್ನ

ಹೊಸ ಗೇಜಿನಿಂದ ಒಂದೇ ಟೈರನ್ನು ಬೆನ್ನುಬೆನ್ನಿಗೆ ಮೂರು ಸಲ ಅಳೆಯಿರಿ. ಅಂಕಿಗಳು ಹೆಚ್ಚುಕಮ್ಮಿ ಒಂದೇ ಆಗಿರಬೇಕು. ಬಳಿಕ ಲಾರಿ ಟೈರಿನ ಅಂಗಡಿಯಲ್ಲಿ, ಕ್ಯಾಲಿಬ್ರೇಟ್ ಮಾಡಿಸಿದ ಗೇಜಿದ್ದರೆ ಅದರ ಜೊತೆ ಹೋಲಿಸಿ. ಯಾವಾಗಲೂ 2 ಪಿಎಸ್‌ಐ ಕಡಿಮೆ ತೋರಿಸುವ ಗೇಜಿಗೆ ಚೀಟಿ ಅಂಟಿಸಿಕೊಂಡು ಬಳಸಬಹುದು. ಸಲಕ್ಕೊಂದು ಅಂಕಿ ಹೇಳುವುದನ್ನು ಎಸೆಯುವುದೇ ಸರಿ.

ಅಳೆಯುವುದು ಟೈರು ತಣ್ಣಗಿದ್ದಾಗ: ಕನಿಷ್ಠ ಮೂರು ಗಂಟೆ ನಿಂತಿರಬೇಕು, ಬಿಸಿಲಿಗೆ ಕಾದಿರಬಾರದು. ತಾಪಮಾನ 10 ಡಿಗ್ರಿ ಫ್ಯಾರನ್‌ಹೀಟ್ ಬದಲಾದರೆ 80 ಪಿಎಸ್‌ಐ ಟೈರಿನಲ್ಲಿ ಸುಮಾರು 2 ಪಿಎಸ್‌ಐ ಏರಿಳಿಯುತ್ತದೆ. ಇದು ಗೇಜಿನ ತಪ್ಪಲ್ಲ. ಓಡಿ ಬಿಸಿಯಾದ ಟೈರಿನ ಅಂಕಿ ಹೆಚ್ಚಿದೆಯೆಂದು ಗಾಳಿ ಬಿಡಬೇಡಿ.

ಬೇಸಿಗೆ ರಜೆಗೆ ಬಾಡಿಗೆ ಆರ್‌ವಿ ಹಿಡಿದು ಹೊರಡುವ ಕನ್ನಡದ ಕುಟುಂಬಗಳೂ ಒಂದು ಗೇಜ್ ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು. ಚಾಲಕನ ಸೀಟಿನ ಬಳಿಯ ಸ್ಟಿಕರ್‌ನಲ್ಲಿ ಮುಂದಿನ, ಹಿಂದಿನ ಟೈರುಗಳ ಒತ್ತಡ ಬರೆದಿರುತ್ತದೆ. ಬೀಗದ ಕೈ ಪಡೆಯುವ ಮುನ್ನ ಆರೂ ಟೈರುಗಳನ್ನು, ಸ್ಟೆಪ್ನಿ ಇದ್ದರೆ ಅದನ್ನೂ, ಬಾಡಿಗೆಯವರ ಎದುರಿಗೇ ಅಳೆದು ಬರೆದುಕೊಳ್ಳಿ. ಕಮ್ಮಿಯಿದ್ದರೆ ಅವರ ಕಂಪ್ರೆಸರ್‌ನಿಂದಲೇ ತುಂಬಿಸಿಕೊಳ್ಳಿ; ದಾರಿಯ ಪೆಟ್ರೋಲ್ ಬಂಕ್‌ಗಳ ಗಾಳಿ ಯಂತ್ರಗಳೆಲ್ಲ 80ರವರೆಗೆ ತುಂಬುತ್ತವೆಂಬ ಖಾತ್ರಿಯಿಲ್ಲ.