ಹಿಂಪಡೆದರು ಸರಿ, ಯಾಕೆ ಅಂತ ಹೇಳಿದರಾ?

"ಈ ಲೇಖನವನ್ನು ಲೇಖಕರು ಹಿಂಪಡೆದಿದ್ದಾರೆ." ಇಷ್ಟೇ, ಒಂದೇ ಸಾಲು! ಅಮೆರಿಕದ ಹೆಸರಾಂತ ಜರ್ನಲ್ ಆಫ್ ಬಯಲಾಜಿಕಲ್ ಕೆಮಿಸ್ಟ್ರಿ ವರ್ಷಗಟ್ಟಲೆ ಹೀಗೇ ಪ್ರಕಟಣೆ ಕೊಡುತ್ತಿತ್ತು. ಲೆಕ್ಕ ತಪ್ಪಿತ್ತಾ? ಚಿತ್ರ ತಿದ್ದಿದ್ದರಾ? ಓದಿದವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ತಾವೇ ಮುಂದೆ ಬಂದು ತಪ್ಪು ಒಪ್ಪಿಕೊಂಡವರಿಗೂ ಮೋಸ ಮಾಡಿದವರಿಗೂ ಅದೇ ಮಾತು. ಇದು ಅನ್ಯಾಯ. ಮುಂದೆ ಅದೇ ಪತ್ರಿಕೆ ಕಾರಣ ಬರೆಯತೊಡಗಿತು.

ಈಗ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ನೋಡಿ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ ವೈದ್ಯ ವೇಕ್‌ಫೀಲ್ಡ್ ಅವರ ಲೇಖನ ಬಂದದ್ದು 1998ರಲ್ಲಿ. ಅಧ್ಯಯನದಲ್ಲಿ ಇದ್ದದ್ದು ಬರೀ 12 ಮಕ್ಕಳು. ಹಿಂಪಡೆದದ್ದು 2010ರಲ್ಲಿ! ಅಷ್ಟರೊಳಗೆ ಎಷ್ಟೋ ಅಪ್ಪ ಅಮ್ಮಂದಿರು ಲಸಿಕೆಗೆ ಹೆದರಿ ಕೂತಿದ್ದರು. ತೀರಾ ತಡವಾಯಿತು, ನಿಜ. ಆದರೆ ಪ್ರಕಟಣೆ ಕಾರಣ ಹೇಳಿತು: ಮಕ್ಕಳು ಸರದಿಯಂತೆ ಚಿಕಿತ್ಸೆಗೆ ಬಂದವರು ಎಂಬುದು ಸುಳ್ಳು, ಸ್ಥಳೀಯ ನೈತಿಕ ಸಮಿತಿ ಒಪ್ಪಿಗೆ ಕೊಟ್ಟಿತ್ತು ಎಂಬುದೂ ಸುಳ್ಳು.

ಹಿಂಪಡೆದದ್ದು ಓದುಗರಿಗೂ ತಿಳಿಯಬೇಕಲ್ಲ? ಹಿಂಪಡೆದ ಲೇಖನಗಳನ್ನು ಒಟ್ಟುಗೂಡಿಸಿರುವ ರಿಟ್ರಾಕ್ಷನ್ ವಾಚ್ ಪಟ್ಟಿ 2023ರಿಂದ ಪೂರ್ತಿಯಾಗಿ ಎಲ್ಲರಿಗೂ ಉಚಿತ. ಪಿಎಚ್‌ಡಿ ಮಾಡುತ್ತಿದ್ದೀರಾ? ಯಾವುದೇ ಲೇಖನ ಉಲ್ಲೇಖಿಸುವ ಮೊದಲು ಅದರ ಹೆಸರು ಹಾಕಿ ಅಲ್ಲೊಮ್ಮೆ ಹುಡುಕಿ.